ಹೇಮಾವತಿ ಹೊಳೆಯ ಬಟ್ಟೆ ನಕ್ಷೆ: ಅಂಟಿಸಲಾ, ಹೊಲಿಯಲಾ? ಕೊಟ್ಟವರು ಸೀರೆ ವಾಪಸ್ ಬೇಕು ಅಂತಿದ್ದಾರೆ

ಹೊಳೆದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಬಟ್ಟೆ ಚೂರು, ಹಳೆ ಕಾಗದ ಸೇರಿಸಿ ಕೊಲಾಜ್ ಮಾಡುವವಳು ನಾನು. ನನ್ನ ಗೋಣಿಚೀಲದ ಸರಣಿಯನ್ನು ಇಲ್ಲಿ ಕೆಲವರು ನೋಡಿದ್ದೀರಿ. ಕಾಫಿ ಚೀಲದ ಮೇಲಿನ ಅಚ್ಚಿನ ಅಕ್ಷರ, ಅದರ ಮೇಲೆ ಮದುವೆ ಕಾರ್ಡು, ಬ್ಲೌಸ್ ಪೀಸು. ಅವೆಲ್ಲ ಚಿಕ್ಕ ಕೆಲಸ. ಗೋಡೆಗೆ ಒಂದು ಮೊಳೆ ಹೊಡೆದರೆ ಮುಗಿಯಿತು.

ಈಗ ಕೈ ಹಾಕಿರುವುದು ದೊಡ್ಡದಕ್ಕೆ. ಹೇಮಾವತಿ ಹೊಳೆಯ ನಕ್ಷೆ. ಮೂಡಿಗೆರೆ ತಾಲೂಕಿನ ಜಾವಳಿ ಹತ್ತಿರ ಹುಟ್ಟುವಲ್ಲಿಂದ ಶುರು. ಸಕಲೇಶಪುರ, ಗೊರೂರು, ಹೊಳೆನರಸೀಪುರ, ಆಮೇಲೆ ಕೆ.ಆರ್. ಪೇಟೆ ಕಡೆಯ ಹೇಮಗಿರಿ. ಕೊನೆಗೆ ಕನ್ನಂಬಾಡಿಯಲ್ಲಿ ಕಾವೇರಿ ಸೇರುವವರೆಗೆ. ಒಟ್ಟು 245 ಕಿಲೋಮೀಟರ್ ಹೊಳೆ. ನಾನು ಹಾಕಿಕೊಂಡ ನಿಯಮ ಒಂದೇ. ಯಾವ ಭಾಗ ಮಾಡುತ್ತೇನೋ ಆ ದಂಡೆಯ ಊರಿನವರು ಉಟ್ಟು ತೊಟ್ಟ ಬಟ್ಟೆಯೇ ಅಲ್ಲಿ ಬರಬೇಕು. ಸಕಲೇಶಪುರದ ಕಡೆಯಿಂದ ತೋಟದ ಕೆಲಸಕ್ಕೆ ಉಡುವ ಸೀರೆ, ಕಂಬಳಿ ಚೂರು ಬಂದಿವೆ. ಹೊಳೆನರಸೀಪುರದ ಕಡೆಯಿಂದ ಪಂಚೆ, ಸ್ಕೂಲ್ ಯೂನಿಫಾರ್ಮ್, ಒಂದು ಟವೆಲ್ ರಾಶಿ.

ಮಧ್ಯದಲ್ಲಿ ಗೊರೂರು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಮನೆ ಜಮೀನು ನೀರಿಗೆ ಬಿಟ್ಟು ಎದ್ದವರ ಟ್ರಂಕಿನಲ್ಲಿ ಇನ್ನೂ ಕಾಗದಗಳಿವೆ. ಪಹಣಿ, ಕಂದಾಯದ ರಸೀದಿ, ಮುಳುಗಡೆ ಸರ್ಟಿಫಿಕೇಟು. ಈ ಭಾಗದಲ್ಲಿ ಬಟ್ಟೆಯ ಜೊತೆ ಆ ಕಾಗದವೂ ಬರಬೇಕು ಅಂತ ನನ್ನ ಆಸೆ.

ತೊಡಕು ಇಲ್ಲಿಂದ. ಮುಳುಗಡೆ ಊರಿನ ಒಬ್ಬ ಅಜ್ಜಿ ರೇಷ್ಮೆ ಸೀರೆ ಕೊಟ್ಟರು. ಕೊಡುತ್ತಲೇ ಹೇಳಿದರು: "ತೋರಿಸಿ ಆದ ಮೇಲೆ ವಾಪಸ್ ಕೊಡವ್ವ, ಮೊಮ್ಮಗಳ ಮದುವೆಗೆ ಬೇಕು." ಪಕ್ಕದ ಮನೆಯವರು ಕೇಳಿಸಿಕೊಂಡರು. ಹಾಗಾದರೆ ನಮ್ಮದೂ ವಾಪಸ್ ಅಂದರು! ಈಗ ಗೊರೂರು ಭಾಗದ ಬಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಎರವಲು. ಬೇಡ ಅನ್ನಲು ನನಗೆ ಮನಸ್ಸಿಲ್ಲ. ಕತ್ತರಿಸುವ ಹಾಗಿಲ್ಲ, ಫೆವಿಕಾಲ್ ಹಾಕುವ ಹಾಗಿಲ್ಲ. ಏನು ಮಾಡಲಿ?

ಮಳೆಗಾಲ ಬೇರೆ ಹತ್ತಿರ ಬಂತು.

ದಬ್ಬಣ (ಅರಸೀಕೆರೆ)

ಮೇಡಂ, ನಾನು ಟೈಲರ್. ಕಲೆಯ ವಿಷಯ ಗೊತ್ತಿಲ್ಲ. ಬಟ್ಟೆಯ ವಿಷಯ ಹೇಳುತ್ತೇನೆ.

ಮೊದಲು ಮಿಷನ್ ಮರೆತುಬಿಡಿ. ಮಿಷನ್ ಹೊಲಿಗೆ ಹತ್ತಿರ ಹತ್ತಿರ ತೂತು ಮಾಡುತ್ತದೆ. ಹತ್ತಿ ಬಟ್ಟೆಯಾದರೆ ಬಿಚ್ಚಿ ಒಗೆದರೆ ತೂತು ಬಹುಪಾಲು ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಹಾಗಲ್ಲ, ಬಿದ್ದ ತೂತು ಬಿದ್ದದ್ದೇ. ಆ ಸೀರೆಗೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಉದ್ದ ಉದ್ದ. ನಾವು ಕೋಟಿಗೆ ಟ್ರಯಲ್ ನೋಡುವಾಗ ಹಾಕುತ್ತೇವಲ್ಲ, ಅದೇ. ಆದಷ್ಟು ಅಂಚಿನ ಹತ್ತಿರ, ನೇಯ್ಗೆ ದಪ್ಪ ಇರುವ ಕಡೆ ಸೂಜಿ ಇಳಿಸಿ. ಜರಿ ಮೇಲೆ ಬೇಡ.

ದಾರ ಯಾವಾಗಲೂ ಬಟ್ಟೆಗಿಂತ ಬಡವ ಆಗಿರಬೇಕು. ಎಳೆತ ಬಿದ್ದಾಗ ದಾರ ಹರಿಯಲಿ, ಬಟ್ಟೆ ಉಳಿಯಲಿ. ಈಗ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ದಾರ ಗಟ್ಟಿ. ಹಳೆ ಸೀರೆಯನ್ನು ಅದು ನಿಧಾನವಾಗಿ ಕೊಯ್ಯುತ್ತದೆ. ಹತ್ತಿ ದಾರ ಕೇಳಿ ತಗೊಳ್ಳಿ.

ಇನ್ನೊಂದು. ಕತ್ತರಿಸದೇ ಆಕಾರ ಬರಿಸಲು ಮಡಿಕೆ ಇದೆ. ಸೀರೆ ಆರು ಗಜವೂ ಕಾಣಬೇಕು ಅಂತ ಏನಿಲ್ಲ ಅಲ್ವಾ? ಬೇಕಾದಷ್ಟು ಹೊರಗೆ, ಮಿಕ್ಕಿದ್ದು ಹಿಂದೆ ಮಡಚಿ ಅಸ್ತರಿನ ಒಳಗೆ.

ಸುಮ್ನೆ ಓದುವವ (ಚನ್ನರಾಯಪಟ್ಟಣ)

ಬೇಜಾರಾಗಬೇಡಿ, ಕೇಳಲೇಬೇಕು ಅನ್ನಿಸಿತು. ಇದು ಕೌದಿ ಅಲ್ವಾ? ನಮ್ಮ ಅಜ್ಜಿಯರು ಹೊಲಿದು ಹೊದ್ದುಕೊಂಡಿದ್ದನ್ನೇ ಈಗ ಗೋಡೆಗೆ ನೇತು ಹಾಕಿ ಕಲೆ ಅಂದರೆ ಹೇಗೆ? ಜೊತೆಗೆ ವಾಪಸ್ ಕೊಡುವುದಾದರೆ ಕೊನೆಗೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಮಾರುವುದೇನು?

ಬೈಂಡಿಂಗ್ ಅಂಗಡಿ (ಚಿಕ್ಕಮಗಳೂರು)

ಕಾಗದದ ಭಾಗ ನನಗೆ ಬಿಡಿ.

ಕಾಗದವನ್ನು ನೇರವಾಗಿ ಬಟ್ಟೆಗೆ ಹೊಲಿದರೆ ಸೂಜಿ ತೂತುಗಳ ಸಾಲಿನಲ್ಲೇ ಹರಿಯುತ್ತದೆ. ಅಂಚೆ ಚೀಟಿ ಹರಿದ ಹಾಗೆ. ಇದಕ್ಕೆ ಹಳೆ ದಾರಿ ಇದೆ. ಹಳೆ ಸರ್ವೆ ನಕ್ಷೆಗಳನ್ನು ನೋಡಿದ್ದೀರಾ? ಹಿಂದೆ ತೆಳು ಬಟ್ಟೆ ಅಂಟಿಸಿರುತ್ತಾರೆ. ಮಡಚಿ ಬಿಚ್ಚಿ ಎಷ್ಟೋ ವರ್ಷ ಓಡಾಡಿಸಿದರೂ ಹರಿಯದೇ ಇರಲು ಅದೇ ಕಾರಣ. ನೀವೂ ಕಾಗದದ ಹಿಂದೆ ಮಲ್‌ಮಲ್ ಬಟ್ಟೆ ಅಂಟಿಸಿ. ಬಟ್ಟೆಯನ್ನು ನಾಲ್ಕೂ ಕಡೆ ಒಂದು ಬೆರಳಷ್ಟು ಹೆಚ್ಚಿಗೆ ಬಿಡಿ. ಹೊಲಿಗೆ ಆ ಹೆಚ್ಚಿನ ಬಟ್ಟೆಗೆ ಬೀಳಲಿ. ಕಾಗದಕ್ಕೆ ಸೂಜಿ ತಾಗುವುದೇ ಬೇಡ.

ಅಂಟು ಯಾವುದು ಅಂತ ಕೇಳುತ್ತೀರಿ. ಫೆವಿಕಾಲ್ ಒಣಗಿದ ಮೇಲೆ ಸುಲಭವಾಗಿ ಬಿಡುವುದಿಲ್ಲ. ಬಿಡಿಸಲು ಹೋದರೆ ಕಾಗದದ ಪದರವೇ ಎದ್ದು ಬರುತ್ತದೆ. ಮೈದಾ ಅಂಟು ನೀರು ಸೋಕಿಸಿದರೆ ಬಿಡುತ್ತದೆ, ಆದರೆ ಹುಳ ಬರುತ್ತದೆ. ಅದಕ್ಕೇ ಬೈಂಡಿಂಗ್‌ನವರು ಮೈಲುತುತ್ತ ಹಾಕುತ್ತಿದ್ದರು. ನಿಮ್ಮ ಕೆಲಸಕ್ಕೆ ಅದು ಬೇಡ. ಅದು ವಿಷ. ಜೊತೆಗೆ ತಾಮ್ರದ ಅಂಶ ಕಾಗದವನ್ನು ವರ್ಷಗಳ ಮೇಲೆ ಕಂದಿಸಿ ಪುಡಿಯಾಗಿಸುತ್ತದೆ.

ಗೋಧಿ ಗಂಜಿ ಮಾಡಿಕೊಳ್ಳಿ. ಮೈದಾ ಹಿಟ್ಟು ಕಲಸಿ ಮುದ್ದೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ನೀರಿನೊಳಗೆ ಹಿಸುಕುತ್ತಾ ಹೋಗಿ. ಹಾಲುಬಾಯಿ ಮಾಡುವವರಿಗೆ ಗೋಧಿ ಹಾಲು ತೆಗೆಯುವುದು ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ರಬ್ಬರಿನ ಥರ ಅಂಟಿಕೊಳ್ಳುವ ಜಿಗುಟು ಉಳಿಯುತ್ತದೆ, ಅದನ್ನು ಬಿಸಾಕಿ. ಬಿಳಿ ನೀರು ರಾತ್ರಿಯಿಡೀ ನಿಂತರೆ ಗಷ್ಟು ಕೆಳಗೆ ಕೂರುತ್ತದೆ. ಮೇಲಿನ ನೀರು ಬಸಿದು, ಗಷ್ಟಿಗೆ ಹೊಸ ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ. ಗಾಜಿನಂತೆ ಆದ ಮೇಲೆ ಆರಿಸಿ, ಜರಡಿಯಲ್ಲಿ ಉಜ್ಜಿ. ಪುರಾತನ ಕಾಗದ ರಿಪೇರಿ ಮಾಡುವವರು ಬಳಸುವುದೂ ಗೋಧಿ ಗಂಜಿಯನ್ನೇ. ಆ ದಿನ ಮಾಡಿದ್ದು ಆ ದಿನವೇ ಖಾಲಿ ಮಾಡಿ, ಹುಳಿ ಬಂದರೆ ಚೆಲ್ಲಿ.

ಅಸಲಿ ಕಾಗದ ಮಾತ್ರ ಮುಟ್ಟಬೇಡಿ. ಜೆರಾಕ್ಸ್ ಸಾಕು.

ಹೊಳೆದಂಡೆ (ಹಾಸನ)

ಬೈಂಡಿಂಗ್ ಅಂಗಡಿ ಸರ್, ಸರ್ವೆ ನಕ್ಷೆಯ ಬಟ್ಟೆ ನನಗೆ ಹೊಳೆದೇ ಇರಲಿಲ್ಲ. ಮಾಡುತ್ತಿರುವುದೂ ನಕ್ಷೆಯೇ, ನೋಡಿ!

ಚನ್ನರಾಯಪಟ್ಟಣದವರಿಗೆ. ಬೇಜಾರಿಲ್ಲ. ಹೌದು, ಕೌದಿಯೇ. ಕೌದಿಯಿಂದ ಕಲಿತದ್ದನ್ನು ಮುಚ್ಚಿಡುವ ಆಸೆ ನನಗಿಲ್ಲ. ಆದರೆ ಅಜ್ಜಿ ಹೊಲಿದಾಗ ಅದು ಕಲೆ ಅಲ್ಲ, ಪಟ್ಟಣದ ಗೋಡೆಗೆ ಬಂದಾಗ ಮಾತ್ರ ಕಲೆ ಅನ್ನುವುದಾದರೆ ತಪ್ಪು ಅಜ್ಜಿಯದಲ್ಲ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳನ್ನು, ಅಂದರೆ ಅವರ ಕೌದಿಗಳನ್ನು, ನೋಡಿ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ಹೂವು ಇಡದಿದ್ದರೆ ಅವರ ಲೆಕ್ಕದಲ್ಲಿ ಅದು ಮುಗಿದ ಹಾಗಲ್ಲ. ಯಾವ ಬಣ್ಣದ ಪಕ್ಕ ಯಾವುದು ಅಂತ ಅವರು ಮಾಡುವ ತೀರ್ಮಾನ ಯಾವ ಪೇಂಟರ್‌ಗೂ ಕಡಿಮೆ ಇಲ್ಲ.

ಮಾರುವ ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಯಗಚಿ (ಬೇಲೂರು, ಈಗ ಮೈಸೂರಿನಲ್ಲಿ ಓದು)

ಅಕ್ಕ, ನಾನು ಕಲಾ ಶಾಲೆಯ ವಿದ್ಯಾರ್ಥಿ. ಒಂದು ತಕರಾರು ಇದೆ. ಕತ್ತರಿ ಇಲ್ಲದೆ ಕೊಲಾಜ್ ಹೇಗೆ? ಒಂದು ವಸ್ತುವನ್ನು ಅದರ ಜಾಗದಿಂದ ಕಿತ್ತು ಬೇರೆ ಕಡೆ ಇಡುವುದರಲ್ಲೇ ಅದರ ಶಕ್ತಿ ಇರುವುದು. 1912ರಲ್ಲಿ ಪಿಕಾಸೊ ಚಿತ್ರದೊಳಗೆ ಬೆತ್ತದ ಹೆಣಿಗೆ ಅಚ್ಚಾದ ರೆಕ್ಸಿನ್ ಥರದ ಬಟ್ಟೆ ಅಂಟಿಸಿದ, ಸುತ್ತ ಹಗ್ಗದ ಚೌಕಟ್ಟು ಕೊಟ್ಟ. ಅದನ್ನು ಯಾರಿಗೂ ವಾಪಸ್ ಕೊಡಬೇಕಿರಲಿಲ್ಲ. ನೀವು ಎಲ್ಲರ ಮಾತು ಕೇಳಿ ಮಡಚಿ, ಕಚ್ಚಾ ಹೊಲಿಗೆ ಹಾಕಿ, ಕೊನೆಗೆ ಉಳಿಯುವುದು ಸೀರೆ ಅಂಗಡಿಯ ಷೋಕೇಸ್ ಆಗಿಬಿಟ್ಟರೆ?

ಹಾಗೆಯೇ ಶೆಟ್ಟಿಹಳ್ಳಿ ಚರ್ಚ್ ಹಾಕುತ್ತೀರಾ? ಅದಿಲ್ಲದೆ ಗೊರೂರು ಹಿನ್ನೀರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹೊಳೆದಂಡೆ (ಹಾಸನ)

ತಮ್ಮಾ, ಷೋಕೇಸ್ ಭಯ ನನಗೂ ಇದೆ. ಒಳ್ಳೆಯ ಮಾತು ಹೇಳಿದೆ.

ಆದರೆ ಕತ್ತರಿ ಒಂದೇ ದಾರಿ ಅಂತ ನಾನು ಒಪ್ಪುವುದಿಲ್ಲ. ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಕಣ್ಣು ಪೂರ್ತಿ ಹೋದ ಮೇಲೆ ಬಣ್ಣದ ಕಾಗದ ಕತ್ತರಿಸಿ, ಮಡಚಿ, ಕೈಯಲ್ಲೇ ತಡವಿ ಕೊಲಾಜ್ ಮಾಡಿದರು. ಅವುಗಳಲ್ಲಿ ಮಡಿಕೆಯೂ ಗೆರೆಯ ಕೆಲಸ ಮಾಡುತ್ತದೆ. ಇನ್ನು ನಮ್ಮ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ. ಸೂಜಿಗೆ ದಾರ ಪೋಣಿಸಿ, ಕುಂಕುಮ ಹಚ್ಚಿ, ಹಗ್ಗದಂತೆ ಗೋಡೆ ತುಂಬ ಹರಿಬಿಟ್ಟರು. ಗಾಡಿಗೆ ದೃಷ್ಟಿ ತಾಗದಿರಲಿ ಅಂತ ಕಟ್ಟುವ ಕೂದಲಿನ ಹಗ್ಗಕ್ಕೆ ಕಾರಿನ ಬಂಪರ್‌ಗಳನ್ನು ನೇತುಹಾಕಿದರು. ಅಲ್ಲಿ ಹಗ್ಗ ಹಗ್ಗವಾಗಿಯೇ ಇದೆ, ಬಂಪರ್ ಬಂಪರೇ. ಜಾಗ ಬದಲಾಗಿದೆ ಅಷ್ಟೇ. ಅದೇ ಸಾಕಾಯಿತು.

ನನಗೆ ಬೇಕಿರುವುದು ಬಿಚ್ಚಲು ಬರುವ ಕೆಲಸ. ಮುಳುಗಡೆಯಲ್ಲಿ ಹೋದದ್ದು ಯಾವುದೂ ವಾಪಸ್ ಬರಲಿಲ್ಲ. ಅವರು ಮತ್ತೆ ಒಂದು ಸೀರೆ ಕೊಟ್ಟರೆ ಅದನ್ನೂ ನಾನು ಇಟ್ಟುಕೊಳ್ಳುವುದು ಸರಿಯಲ್ಲ. ಇದನ್ನು ಒಳ್ಳೆಯತನ ಅಂತ ಹೇಳುತ್ತಿಲ್ಲ. ಕೆಲಸದ ಅರ್ಥವೇ ಅಲ್ಲಿದೆ ಅಂತ ಈಗ ಅನ್ನಿಸುತ್ತಿದೆ. ಅಜ್ಜಿ "ವಾಪಸ್ ಕೊಡವ್ವ" ಅನ್ನುವವರೆಗೆ ನನ್ನದು ಬರೀ ಚೆಂದದ ನಕ್ಷೆ ಆಗಿತ್ತು.

ಚರ್ಚ್ ಹಾಕುವುದಿಲ್ಲ. ಅದು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಹೊರಗೆ ಕಾಣುತ್ತದೆ, ಎಲ್ಲ ಸರಿ. ಆದರೆ ಪ್ರೀ ವೆಡ್ಡಿಂಗ್ ಫೋಟೋದವರು ಅದನ್ನು ಎಷ್ಟು ತೆಗೆದಿದ್ದಾರೆ ಅಂದರೆ ಮುಳುಗಿದ್ದು ಅದೊಂದೇ ಅನ್ನುವ ಹಾಗಾಗಿದೆ. ಮುಳುಗಿದ್ದು ಊರುಗಳು. ಹೊಲ, ಕಣ, ದನದ ಕೊಟ್ಟಿಗೆ. ಅವುಗಳ ಫೋಟೋ ಯಾರ ಹತ್ತಿರವೂ ಇಲ್ಲ.

ಕಾಫಿ ಕಣ (ಸಕಲೇಶಪುರ)

ಚರ್ಚ್ ಬಗ್ಗೆ ನೂರಕ್ಕೆ ನೂರು ಸರಿ.

ನಾನು ಹೇಳಬೇಕಾದ್ದು ಥಂಡಿಯ ಬಗ್ಗೆ. ಹಾಸನ ಊರಿನಲ್ಲಿ ಕೂತು ಹೊಲಿಯುವವರಿಗೆ ನಮ್ಮ ಕಡೆಯ ಆರಿದ್ರಾ, ಪುನರ್ವಸು ಮಳೆಯ ಅಂದಾಜು ಇರುವುದಿಲ್ಲ. ಬೀರುವಿನೊಳಗೆ ಇಟ್ಟ ಬಟ್ಟೆಗೂ ಬೂಷ್ಟು. ಬಿಳಿ ಪಂಚೆಯಲ್ಲಿ ಕರಿ ಚುಕ್ಕೆ ಬಂದರೆ ಮುಗಿಯಿತು, ಹೋಗುವುದೇ ಇಲ್ಲ. ಹಂಡೆ ಒಲೆಯ ಮೇಲೆ ತಂತಿ ಕಟ್ಟಿ ಒಣಗಿಸುತ್ತೇವೆ, ಹೊಗೆ ವಾಸನೆ ಬರುತ್ತದೆ. ನಮಗೇನೋ ಅಭ್ಯಾಸ. ನಿಮ್ಮ ಗ್ಯಾಲರಿಯವರಿಗೆ?

ಹಾಗಾಗಿ ನಮ್ಮ ಕಡೆಯ ಬಟ್ಟೆ ಬೇಕಿದ್ದರೆ ಮೇ ಒಳಗೆ ತಗೊಂಡು ಹೋಗಿ. ಒಗೆದು, ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಮಾತ್ರ ಮಡಚಿ. ಪ್ಲಾಸ್ಟಿಕ್ ಕವರಿನಲ್ಲಿ ತಿಂಗಳುಗಟ್ಟಲೆ ಕಟ್ಟಿಡಬೇಡಿ, ಒಳಗೆ ಬೆವರುತ್ತದೆ. ಹಳೆ ಪಂಚೆಯಲ್ಲಿ ಸುತ್ತಿಡಿ. ನಮ್ಮಮ್ಮ ರೇಷ್ಮೆ ಸೀರೆ ನಡುವೆ ಬಜೆ ಬೇರು ಇಡುತ್ತಿದ್ದರು. ನುಸಿಗುಳಿಗೆ ಇಡುವವರು ಜರಿಗೆ ತಾಗದ ಹಾಗೆ ಇಡಿ.

ಗೋಣಿಯ ಬಗ್ಗೆಯೂ ಒಂದು ಮಾತು. ಗೋಣಿಚೀಲ ಸೆಣಬು. ಬಿಸಿಲಿಗೆ ಬೇಗ ಹಳದಿಯಾಗುತ್ತದೆ, ಆಮೇಲೆ ಪುಡಿ ಉದುರುತ್ತದೆ. ನ್ಯೂಸ್ ಪೇಪರ್ ಹಳದಿಯಾಗುವುದಕ್ಕೂ ಅದೇ ಕಾರಣ, ಎರಡರಲ್ಲೂ ಲಿಗ್ನಿನ್ ಅನ್ನುವ, ಗಿಡಮರದ ನಾರಿನಲ್ಲಿರುವ ಅಂಶ ಇದೆ. ಎರವಲು ಸೀರೆಯ ಹಿಂದೆ ಗೋಣಿ ಮಾತ್ರ ಹಾಕಬೇಡಿ. ಕಲೆ ಇಳಿಯುತ್ತದೆ.

ದಬ್ಬಣ (ಅರಸೀಕೆರೆ)

ಗೋಣಿ ಭಾರ ಕೂಡ. ನೇತು ಹಾಕಿದರೆ ಜೋತು ಬೀಳುತ್ತದೆ. ಹಿಂದಿನ ಬಟ್ಟೆಗೆ ಒಗೆದು ಕುಗ್ಗಿಸಿದ ಕೋರಾ ಕಾಟನ್ ತಗೊಳ್ಳಿ. ಉದ್ದೆಳೆ ಮೇಲಿಂದ ಕೆಳಗೆ ಬರಬೇಕು. ಕ್ರಾಸ್ ಕತ್ತರಿಸಿದ ಬಟ್ಟೆ ಎಷ್ಟೇ ಇಸ್ತ್ರಿ ಮಾಡಿದರೂ ಇಳಿಯುತ್ತಲೇ ಇರುತ್ತದೆ.

ಬಣ್ಣದ ಹಂಡೆ (ಕೊಪ್ಪ)

ತಡವಾಗಿ ಬಂದೆ. ಹೊಳೆಗೆ ಯಾವ ಬಣ್ಣ ಅಂತ ಯಾರೂ ಕೇಳಲೇ ಇಲ್ಲವಲ್ಲ!

ದಯವಿಟ್ಟು ನೀಲಿ ಹಾಕಬೇಡಿ. ಹೊಳೆ ನೀಲಿ ಅಂತ ಸ್ಕೂಲ್ ಅಟ್ಲಾಸ್ ಹೇಳಿಕೊಟ್ಟದ್ದು. ಮಳೆಗಾಲದಲ್ಲಿ ಸಕಲೇಶಪುರದ ಸೇತುವೆ ಮೇಲೆ ನಿಂತು ನೋಡಿ. ಹಾಲು ಕಡಿಮೆ ಹಾಕಿದ ಚಾದ ಬಣ್ಣ. ಬೇಸಿಗೆಯಲ್ಲಿ ಹಸಿರುಗಪ್ಪು, ಕಲ್ಲೆಲ್ಲ ಕಾಣುತ್ತದೆ.

ನನ್ನ ಕೆಲಸ ಅಡಿಕೆ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕುವುದು. ಅಡಿಕೆ ಬೇಯಿಸಿದ ನೀರು ಕುದಿದು ಕುದಿದು ಗಟ್ಟಿಯಾಗುತ್ತದಲ್ಲ, ಅದು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಇದನ್ನು ಬಳಸಿ ಹೆಸರಾಗಿದ್ದಾರೆ. ಕೆಂಗಂದು ಬರುತ್ತದೆ. ಒಗೆದ ಬಟ್ಟೆಗೆ ಮೊದಲು ಪಟಿಕದ ನೀರು ಹಿಡಿಸಿದರೆ ಬಣ್ಣ ತಿಳಿಯಾಗಿ ನಿಲ್ಲುತ್ತದೆ. ಅದೇ ಚೊಗರಿನ ಬಟ್ಟೆಯನ್ನು ತುಕ್ಕು ಕಬ್ಬಿಣ ನೆನೆಸಿದ ನೀರಿಗೆ ಅದ್ದಿದರೆ ಕಣ್ಣೆದುರೇ ಬೂದುಗಪ್ಪಾಗುತ್ತದೆ. ಒಗರಿನ ಅಂಶಕ್ಕೆ ಕಬ್ಬಿಣ ಸೇರಿದ್ದರಿಂದ. ಅಳಲೆಕಾಯಿಯೂ ಹಾಗೆಯೇ. ಹೊಳೆಯ ಆಳದ ಗುಂಡಿಗೆ ಆ ಬಣ್ಣ ಬೇಕಾಗುತ್ತದೆ.

ಎಚ್ಚರಿಕೆ ಎರಡು. ಕಬ್ಬಿಣದ ನೀರು ಜಾಸ್ತಿ ಆದರೆ ವರ್ಷಗಳ ಮೇಲೆ ಬಟ್ಟೆ ಆ ಜಾಗದಲ್ಲೇ ಸವೆದು ಹರಿಯುತ್ತದೆ. ಅರಿಶಿನದ ಹಳದಿ ನಂಬಬೇಡಿ, ಬಿಸಿಲಿಗೆ ಹಾರಿಹೋಗುತ್ತದೆ. ಎರವಲು ಬಟ್ಟೆಗೆ ಬಣ್ಣ ಹಾಕುವ ಮಾತೇ ಇಲ್ಲ ಅಂತ ಗೊತ್ತು. ನಿಮ್ಮ ಸ್ವಂತ ಮಲ್‌ಮಲ್, ಕೋರಾ ಬಟ್ಟೆಗೆ ಹೇಳುತ್ತಿದ್ದೇನೆ. ಬೇಕಿದ್ದರೆ ಚೊಗರು ನಾನೇ ಕಳಿಸುತ್ತೇನೆ.

ಕಾಫಿ ಕಣ (ಸಕಲೇಶಪುರ)

ಹಾಲು ಕಡಿಮೆ ಹಾಕಿದ ಚಾ! ನಮ್ಮೂರಿನ ಹೊಳೆಗೆ ಚಾ ಹೋಲಿಕೆಯಾ? ಕಾಫಿ ಅನ್ನಬಾರದಿತ್ತಾ?

ಬಣ್ಣದ ಹಂಡೆ (ಕೊಪ್ಪ)

ಕಾಫಿಯಲ್ಲಿ ಅದ್ದಿದರೆ ಬಣ್ಣ ಬರುವುದು ಮಾಸಲು, ನಿಲ್ಲುವುದೂ ಕಡಿಮೆ. ಕುಡಿಯಲು ಮಾತ್ರ ನಿಮ್ಮದೇ ಶ್ರೇಷ್ಠ.

ಯಗಚಿ (ಬೇಲೂರು, ಈಗ ಮೈಸೂರಿನಲ್ಲಿ ಓದು)

ಅಕ್ಕ, ಬಂಪರ್ ಉದಾಹರಣೆಗೆ ಸೋತೆ. ಆದರೆ ಷೋಕೇಸ್ ಮಾತು ವಾಪಸ್ ತಗೊಳ್ಳುವುದಿಲ್ಲ, ಕೆಲಸ ನೋಡಿದ ಮೇಲೆ ತಗೊಳ್ಳುತ್ತೇನೆ.

ಕಾಗದಕ್ಕೆ ಇನ್ನೊಂದು ದಾರಿ ಇದೆ. ಪಹಣಿಯನ್ನು ಕಾಗದವಾಗಿ ಇಡುವುದರ ಬದಲು ಅದರ ಅಕ್ಷರವನ್ನೇ ಬಟ್ಟೆಗೆ ಇಳಿಸಬಹುದು. ಜೆರಾಕ್ಸ್ ಅಥವಾ ಲೇಸರ್ ಪ್ರಿಂಟ್ ಬೇಕು, ಇಂಕ್‌ಜೆಟ್ ಆಗುವುದಿಲ್ಲ. ಅಕ್ಷರ ತಿರುಗುಮುರುಗಾಗಿ ಬರುವ ಹಾಗೆ ಪ್ರಿಂಟ್ ತೆಗೆಸಿ. ಇಲ್ಲದಿದ್ದರೆ ಬಟ್ಟೆ ಮೇಲೆ ಕನ್ನಡ ಉಲ್ಟಾ ಬೀಳುತ್ತದೆ. ಮುಖ ಕೆಳಗೆ ಮಾಡಿ ಹತ್ತಿ ಬಟ್ಟೆ ಮೇಲಿಟ್ಟು, ಹಿಂದಿನಿಂದ ತಿನ್ನರ್ ಅದ್ದಿದ ಹತ್ತಿಯಲ್ಲಿ ಒರೆಸಿ, ಚಮಚದ ಬೆನ್ನಿನಿಂದ ಒತ್ತಿ ಉಜ್ಜಿ. ಟೋನರ್ ಪುಡಿ ಬಟ್ಟೆಗೆ ಇಳಿಯುತ್ತದೆ. ಕೆಲವು ಕಡೆ ಬರುತ್ತದೆ, ಕೆಲವು ಕಡೆ ಬರುವುದಿಲ್ಲ. ನಿಮ್ಮ ವಿಷಯಕ್ಕೆ ಆ ಅಳಿಸಿದ ನೋಟವೇ ಚೆನ್ನ. ಕಿಟಕಿ ಬಾಗಿಲು ತೆಗೆದಿಟ್ಟು ಮಾಡಿ, ಹತ್ತಿರ ಒಲೆ ಉರಿಯುತ್ತಿರಬಾರದು.

ಬಸ್ ಟಿಕೆಟ್ ಕೂಡ ಸೇರಿಸುವ ಯೋಚನೆ ಇದ್ದರೆ, ಮಿಷನ್ನಿನಿಂದ ಬರುವ ಈಗಿನ ಟಿಕೆಟ್ ಬೇಡ. ಅದು ಶಾಖಕ್ಕೆ ಕಪ್ಪಾಗುವ ಕಾಗದ. ಇಸ್ತ್ರಿ ತಾಗಿದರೆ ಪೂರ್ತಿ ಕಪ್ಪು, ಸುಮ್ನೆ ಇಟ್ಟರೂ ಅಕ್ಷರ ಮಾಯ. ಕಂಡಕ್ಟರ್ ಹರಿದು ಕೊಡುತ್ತಿದ್ದ ಹಳೆ ಟಿಕೆಟ್ ಸಿಕ್ಕರೆ ಅದು ಬಂಗಾರ.

ಬೈಂಡಿಂಗ್ ಅಂಗಡಿ (ಚಿಕ್ಕಮಗಳೂರು)

ಅಕ್ಷರ ಇಳಿಸುವುದು ಒಳ್ಳೆಯದೇ. ಒಂದು ಮಾತ್ರ ಗಮನದಲ್ಲಿರಲಿ. ಪಹಣಿಯಲ್ಲಿ ಸರ್ವೆ ನಂಬರು, ಹೆಸರು, ತಂದೆ ಹೆಸರು ಎಲ್ಲ ಇರುತ್ತದೆ. ಮುಳುಗಡೆ ಜಮೀನಿನ ತಕರಾರು ಇನ್ನೂ ಮುಗಿಯದ ಮನೆಗಳಿವೆ. ಅದನ್ನು ಗೋಡೆಗೆ ಹಾಕುವ ಮುಂಚೆ ಕೇಳಿ. ಕೇಳಿದ ಮೇಲೂ ಆ ಸಾಲುಗಳ ಮೇಲೆ ಒಂದು ಬಟ್ಟೆ ತುಂಡು ಬರಲಿ.

ಹೊಳೆದಂಡೆ (ಹಾಸನ)

ಇದು ನನ್ನ ತಲೆಗೆ ಬಂದಿರಲಿಲ್ಲ. ಹೆಸರಿನ ಸಾಲುಗಳನ್ನೆಲ್ಲ ಹೊಲಿಗೆಯಿಂದ ಮುಚ್ಚುತ್ತೇನೆ. ಊರಿನ ಹೆಸರು ಮಾತ್ರ ಕಾಣಲಿ.

ಯಾರು ಏನು ಕೊಟ್ಟರು ಅಂತ ಬರೆದಿಡಲು ಮದುವೆ ಮನೆಯ ಮುಯ್ಯಿ ಪುಸ್ತಕದ ಥರ ಒಂದು ಇಟ್ಟಿದ್ದೇನೆ. ಹೆಸರು, ಊರು, ಬಟ್ಟೆ, ವಾಪಸ್ ಬೇಕೋ ಬೇಡವೋ. ಪ್ರತಿ ಬಟ್ಟೆಯ ಹಿಂದೆ ನಂಬರ್ ಬರೆದ ಚಿಕ್ಕ ಟೇಪು ಹೊಲಿದಿದ್ದೇನೆ. ಕೊಟ್ಟಾಗ ಇದ್ದ ಕಲೆ, ತೂತಿನ ಫೋಟೋ ಕೂಡ ತೆಗೆದಿಟ್ಟುಕೊಂಡಿದ್ದೇನೆ. ಆಮೇಲೆ ಮಾತು ಬರಬಾರದು.

ಒಂದು ತೀರ್ಮಾನ ಆಗಿದೆ, ದಬ್ಬಣ ಸರ್ ಅವರ ಮಡಿಕೆ ಮಾತಿನಿಂದ. ಗೊರೂರಿನ ಹಿನ್ನೀರಿಗೆ ಬೇರೆ ಬೇರೆ ಚೂರು ಬೇಡ. ಅಜ್ಜಿಯ ಸೀರೆ ಇಡಿಯಾಗಿ ಅಲ್ಲಿ ಬರುತ್ತದೆ. ಬೂದು ಬಣ್ಣದ ಒಡಲು, ಕಡು ಕೆಂಪು ಅಂಚು. ಅಂಚು ದಡವಾಗುತ್ತದೆ. ಅದರ ಕೆಳಗೆ, ಕಾಣದ ಹಾಗೆ, ಪಹಣಿ ಇಳಿಸಿದ ಮಲ್‌ಮಲ್. ಸೀರೆ ವಾಪಸ್ ಹೋದ ದಿನ ಕೆಳಗಿನದು ಕಾಣುತ್ತದೆ. ಯಗಚಿ ತಮ್ಮಾ, ಈಗ ಹೇಳು, ಷೋಕೇಸಾ?

ಯಗಚಿ (ಬೇಲೂರು, ಈಗ ಮೈಸೂರಿನಲ್ಲಿ ಓದು)

ಇಲ್ಲ. ಆದರೆ ಸೀರೆ ತೆಗೆದ ಮೇಲೂ ಒಮ್ಮೆ ಪ್ರದರ್ಶನ ಇಡಲೇಬೇಕು. ಮೊದಲನೆಯದಕ್ಕಿಂತ ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಸುಮ್ನೆ ಓದುವವ (ಚನ್ನರಾಯಪಟ್ಟಣ)

ಇದು ಚೆನ್ನಾಗಿದೆ, ಒಪ್ಪಿಕೊಂಡೆ. ಆದರೂ ನನ್ನ ದುಡ್ಡಿನ ಪ್ರಶ್ನೆ ಹಾಗೇ ಇದೆ. ಕೋರಾ ಬಟ್ಟೆ, ದಾರ, ಓಡಾಟ, ಫ್ರೇಮು, ಹಾಲ್ ಬಾಡಿಗೆ. ಇದೆಲ್ಲ ಯಾರು ಕೊಡುತ್ತಾರೆ? ಟೈಲರ್‌ಗೆ ಒಂದು ಬ್ಲೌಸಿಗೆ ಇಷ್ಟು ಅಂತ ಇದೆ. ನಿಮಗೆ?

ಹೊಳೆದಂಡೆ (ಹಾಸನ)

ನಿಜ ಹೇಳುತ್ತೇನೆ. ಈ ನಕ್ಷೆಯಿಂದ ದುಡ್ಡು ಬರುವುದಿಲ್ಲ. ಗೋಣಿಚೀಲದ ಚಿಕ್ಕ ಕೆಲಸಗಳು ಹೋಂಸ್ಟೇಗಳಿಗೆ ಹೋಗುತ್ತವೆ, ಅದರಿಂದ ಇದು ನಡೆಯುತ್ತಿದೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೂ ಚಿಕ್ಕವನ್ನೇ ಒಯ್ಯುವುದು. ಅಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಿಂತವರು ಮೊದಲು ಕೇಳುವುದು "ಇದನ್ನು ಒಗೆಯಬಹುದಾ?" ಅಂತ. ಪೇಂಟಿಂಗ್ ಮುಂದೆ ನಿಂತು ಯಾರೂ ಹಾಗೆ ಕೇಳುವುದಿಲ್ಲ.

ಹಿಂದೆ ಒಂದು ಪ್ರದರ್ಶನಕ್ಕೆ ಅರ್ಜಿ ಹಾಕಿದ್ದೆ. ಪೇಂಟಿಂಗ್, ಶಿಲ್ಪ, ಗ್ರಾಫಿಕ್ ಅಂತ ಮೂರು ವಿಭಾಗ. ಯಾವುದಕ್ಕೆ ಹಾಕಲಿ ಅಂತ ಫೋನ್ ಮಾಡಿದರೆ "ಕರಕುಶಲ ಮೇಳಕ್ಕೆ ಹಾಕಿ ಮೇಡಂ" ಅಂದರು. ಕರಕುಶಲದವರು "ಇದು ಉಪಯೋಗಕ್ಕೆ ಬರುವ ವಸ್ತು ಅಲ್ಲವಲ್ಲ" ಅಂದರು. ತೆರಿಗೆ ಇಲಾಖೆಯೇ ವಾಸಿ. ಜಿಎಸ್‌ಟಿಯ 9701ನೇ ಶೀರ್ಷಿಕೆಯಲ್ಲಿ ಪೇಂಟಿಂಗ್ ಜೊತೆ ಕೊಲಾಜ್ ಹೆಸರನ್ನೂ ಬರೆದಿದ್ದಾರೆ.

ನಾನು ಬೆಲೆ ಹಾಕುವುದು ಹೀಗೆ. ಹೊಲಿದ ಗಂಟೆ ಬರೆದಿಡುತ್ತೇನೆ. ಗಂಟೆಗೆ ನಮ್ಮೂರಿನ ಒಬ್ಬ ಒಳ್ಳೆಯ ಟೈಲರ್ ಸಂಪಾದಿಸುವಷ್ಟು. ಅದರ ಮೇಲೆ ಸಾಮಾನು. ಚೌಕಾಸಿ ಮಾಡುವವರಿಗೆ ಆ ಚೀಟಿ ತೋರಿಸುತ್ತೇನೆ. ಕೆಲವರು ಸುಮ್ಮನಾಗುತ್ತಾರೆ. ಕೆಲವರು ಎದ್ದು ಹೋಗುತ್ತಾರೆ.

ದಬ್ಬಣ (ಅರಸೀಕೆರೆ)

ಟೈಲರ್ ಸಂಪಾದಿಸುವಷ್ಟು ಅಂದಿರಿ. ಹಾಗಾದರೆ ಬಹಳ ಕಡಿಮೆ ತಗೊಳ್ಳುತ್ತಿದ್ದೀರಿ, ಮೇಡಂ. ರೇಟು ಏರಿಸಿ.

ಕಾಫಿ ಕಣ (ಸಕಲೇಶಪುರ)

ಬಟ್ಟೆ ಬಂದ ಮೇಲೆ ಹುಳದ ವಿಷಯ. ಕಂಬಳಿ ಚೂರು ಇದೆ ಅಂದಿರಲ್ಲ, ಅದರಲ್ಲಿ ನುಸಿಯ ಮೊಟ್ಟೆ ಇದ್ದರೆ ಎಲ್ಲ ಬಟ್ಟೆಗೂ ಹರಡುತ್ತದೆ. ಮ್ಯೂಸಿಯಮ್ಮಿನವರು ಫ್ರೀಜರ್‌ನಲ್ಲಿಟ್ಟು ಹುಳ ಕೊಲ್ಲುತ್ತಾರೆ. ಮನೆಯಲ್ಲೂ ಮಾಡಬಹುದು. ಚೆನ್ನಾಗಿ ಆರಿದ ಕಂಬಳಿಯನ್ನು ಪಾಲಿಥೀನ್ ಕವರಿನಲ್ಲಿ ಗಾಳಿ ಹೋಗದ ಹಾಗೆ ಸುತ್ತಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ, ನೀರು ಹಿಡಿಯುತ್ತದೆ. ಒಂದು ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಿ. ಈ ಒಂದು ಕೆಲಸಕ್ಕೆ ಪ್ಲಾಸ್ಟಿಕ್ ಪರವಾಗಿಲ್ಲ, ಮೊದಲು ಹೇಳಿದ್ದು ಇಟ್ಟುಕೊಳ್ಳುವ ಬಟ್ಟೆಗೆ.

ನಮ್ಮ ಮನೆಯವರು ಐಸ್‌ಕ್ರೀಮ್ ಪಕ್ಕ ಕಂಬಳಿ ನೋಡಿ ಏನು ಹೇಳಿದರು ಅಂತ ಇಲ್ಲಿ ಬರೆಯುವುದಿಲ್ಲ.

ಹೊಳೆದಂಡೆ (ಹಾಸನ)

ನೇತು ಹಾಕುವ ಬಗ್ಗೆ ಯಾರಾದರೂ ಹೇಳಿ. ಇಡೀ ಹೊಳೆ ಒಂದೇ ಬಟ್ಟೆಯಲ್ಲಿ ಆಗುವುದಿಲ್ಲ ಅಂತ ಖಾತ್ರಿಯಾಗಿದೆ. ನಮ್ಮ ಮನೆ ಬಾಗಿಲಿನಿಂದ ಆಚೆ ಹೋಗುವುದಿಲ್ಲ. ಐದು ಭಾಗ ಮಾಡಿದ್ದೇನೆ: ಹುಟ್ಟು, ಸಕಲೇಶಪುರ, ಗೊರೂರು, ಹೊಳೆನರಸೀಪುರ, ಕೊನೆಗೆ ಹೇಮಗಿರಿಯಿಂದ ಕೆಳಗೆ. ಯಗಚಿ ಹೊಳೆ ಗೊರೂರಿನ ಹತ್ತಿರ ಬಂದು ಸೇರುವುದರಿಂದ ಆ ಭಾಗ ಎಲ್ಲಕ್ಕಿಂತ ಅಗಲ.

ದಬ್ಬಣ (ಅರಸೀಕೆರೆ)

ಮೊಳೆ ಬೇಡ, ರಿಂಗೂ ಬೇಡ. ಭಾರವೆಲ್ಲ ನಾಲ್ಕು ಜಾಗಕ್ಕೆ ಬೀಳುತ್ತದೆ. ಹಿಂದಿನ ಬಟ್ಟೆಯ ಮೇಲಂಚಿಗೆ ಪರದೆಗೆ ಮಾಡುವ ಹಾಗೆ ಅಗಲ ಮಡಿಕೆ ಹೊಲಿದು ಕೋಲು ತೂರಿಸಿ. ಇಲ್ಲದಿದ್ದರೆ ವೆಲ್ಕ್ರೋ. ಮೆತ್ತಗಿರುವ ಪಟ್ಟಿ ಬಟ್ಟೆಗೆ, ಒರಟು ಪಟ್ಟಿ ಮರದ ರೀಪಿಗೆ. ಗೋಡೆಗೆ ರೀಪು ಹೊಡೆದು ಬಟ್ಟೆ ಒತ್ತಿದರೆ ಮುಗಿಯಿತು. ಭಾರ ಇಡೀ ಉದ್ದಕ್ಕೆ ಸಮ ಹಂಚಿಕೆಯಾಗುತ್ತದೆ, ಸೊಟ್ಟ ಕಂಡರೆ ಎತ್ತಿ ಸರಿ ಮಾಡಬಹುದು.

ಬೈಂಡಿಂಗ್ ಅಂಗಡಿ (ಚಿಕ್ಕಮಗಳೂರು)

ಸಾಗಿಸುವಾಗ ಮಡಚಬೇಡಿ. ಮಡಿಕೆಯ ಗೆರೆಯಲ್ಲಿ ಗಂಜಿ ಹಾಕಿದ ಕಾಗದ ಬಿರುಕು ಬಿಡುತ್ತದೆ. ದಪ್ಪ ಪಿವಿಸಿ ಪೈಪಿಗೆ ಮೊದಲು ಹಳೆ ಬಿಳಿ ಬಟ್ಟೆ ಸುತ್ತಿ, ಅದರ ಮೇಲೆ ನಕ್ಷೆ ಸುತ್ತಿ. ಮುಖ ಹೊರಗೆ ಬರಬೇಕು. ಒಳಗೆ ಹಾಕಿದರೆ ಮುಖದ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ.

ಯಗಚಿ (ಬೇಲೂರು, ಈಗ ಮೈಸೂರಿನಲ್ಲಿ ಓದು)

ಎಲ್ಲಿ ತೋರಿಸುತ್ತೀರಿ? ಹಾಸನಾಂಬ ಕಲಾಕ್ಷೇತ್ರನಾ? ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರನಾ? ಬೆಂಗಳೂರಿನಲ್ಲಿ ಇಟ್ಟರೆ ಬರೆಯುವವರು ನೋಡುತ್ತಾರೆ.

ಹೊಳೆದಂಡೆ (ಹಾಸನ)

ಬೆಂಗಳೂರು ಆಮೇಲೆ. ಮೊದಲು ಬಟ್ಟೆ ಕೊಟ್ಟವರು ನೋಡಬೇಕು. ಅವರನ್ನು ಅಲ್ಲಿಗೆ ಕರೆದೊಯ್ಯಲು ಆಗುವುದಿಲ್ಲ. ಗೊರೂರು ಹತ್ತಿರ ಒಂದು ಸ್ಕೂಲಿನ ಹಾಲ್ ಕೇಳಿದ್ದೇನೆ. ಗೋಡೆಗೆ ರೀಪು ಹೊಡೆಯಲು ಹೆಡ್ ಮೇಷ್ಟ್ರು ಒಪ್ಪಿದ್ದಾರೆ, ಬಿಚ್ಚಿದ ಮೇಲೆ ಸುಣ್ಣ ಬಳಿದು ಕೊಡಬೇಕಂತೆ.

ಸೀರೆ ಇರುವುದೂ ಅಲ್ಲೇ, ತೆಗೆದ ಮೇಲಿನದ್ದೂ ಅಲ್ಲೇ. ಯಗಚಿ ಕೇಳಿದ ಎರಡನೇ ಪ್ರದರ್ಶನಕ್ಕೆ ಬೇರೆ ದಿನ ಇಡುವುದಿಲ್ಲ. ಕೊನೆಯ ದಿನ ಕೊಟ್ಟವರ ಎದುರೇ ಕಚ್ಚಾ ಹೊಲಿಗೆ ಬಿಚ್ಚುತ್ತೇವೆ. ಅಜ್ಜಿಗೆ ಹೇಳಿದೆ. "ಇಸ್ತ್ರಿ ಮಾಡಿಸಿ ಕೊಡ್ತೀಯಾ?" ಅಂತ ಕೇಳಿದರು.

ದಬ್ಬಣ (ಅರಸೀಕೆರೆ)

ಇಸ್ತ್ರಿ ನಾನು ಮಾಡಿಕೊಡುತ್ತೇನೆ. ರೇಷ್ಮೆಗೆ ಮೇಲೆ ಬಟ್ಟೆ ಹಾಸಿ, ಸಣ್ಣ ಕಾವಿನಲ್ಲಿ. ಬಿಚ್ಚಲು ಬ್ಲೇಡ್ ತರಬೇಡಿ ಯಾರೂ. ನನ್ನ ಹತ್ತಿರ ಹೊಲಿಗೆ ಬಿಚ್ಚುವ ಕಡ್ಡಿಗಳಿವೆ, ತರುತ್ತೇನೆ. ಅರಸೀಕೆರೆಯಿಂದ ಬೆಳಗ್ಗೆ ರೈಲಿಗೆ ಬಂದರೆ ಹಾಸನದಲ್ಲಿ ಇಳಿದು ಬಸ್ ಹಿಡಿಯಬಹುದು.

ಕಾಫಿ ಕಣ (ಸಕಲೇಶಪುರ)

ನಮ್ಮ ಪಿಕಪ್ ಇದೆ. ಪೈಪು ಎಷ್ಟು ಉದ್ದ ಬೇಕು?

ಹೊಳೆದಂಡೆ (ಹಾಸನ)

ಗೊರೂರಿನ ಭಾಗಕ್ಕೆ ಎಂಟು ಅಡಿ, ಮಿಕ್ಕಿದ್ದಕ್ಕೆ ಆರು ಸಾಕು. ಮೇಲೆ ಹಾಕಲು ಟಾರ್ಪಾಲ್ ಇದೆಯಾ?

ಕಾಫಿ ಕಣ (ಸಕಲೇಶಪುರ)

ಕಾಫಿ ಒಣಗಿಸುವವರ ಮನೆಯಲ್ಲಿ ಟಾರ್ಪಾಲ್ ಕೇಳುತ್ತೀರಲ್ಲ! ಎಷ್ಟು ಬೇಕು ಹೇಳಿ.